ಆಳಂದದಿಂದ ಹೊರಟ ನಾಲ್ಕುನೂರು ಯೂನಿಟ್ಟು

ಊರಿಗೆ ದೀಪ ಕೊಡುವ ಆಳಂದದ ಬಿಜಲಿ ಕಾರಖಾನೆಯ ಗುಮಾಸ್ತ ವ್ಯಂಕಟೇಶನಿಗೆ ಬೇಕಾಗಿದ್ದದ್ದು ಒಂದೇ, ನಿದ್ದೆ. ಸಂಜೆ ಆರಕ್ಕೆ ಎಣ್ಣೆ ಇಂಜಿನ್ನು ಚಾಲೂ ಮಾಡುವವನೂ ಅವನೇ, ಬೆಳಗಿನ ನಾಲ್ಕಕ್ಕೆ ನಿಲ್ಲಿಸುವವನೂ ಅವನೇ, ಹಗಲು ಕೂತು ಕಾಗದ ಬರೆಯುವವನೂ ಅವನೇ. ಮೂರು ವರ್ಷದಿಂದ ಹೀಗೇ ನಡೆದಿತ್ತು. ಊಟಕ್ಕೆ ಕೂತಲ್ಲಿ ರೊಟ್ಟಿ ಹಿಡಿದೇ ತೂಕಡಿಸುತ್ತಿದ್ದ. ಹೆಂಡತಿ ಸುಲಭಾ ಅವನನ್ನು ಎಬ್ಬಿಸುವುದನ್ನು ಬಿಟ್ಟು, ಕೈಯೊಳಗಿನ ರೊಟ್ಟಿಯನ್ನು ಮೆಲ್ಲಗೆ ಬಿಡಿಸಿಡುವುದನ್ನು ಕಲಿತಿದ್ದಳು.

ಇಂಜಿನ್ನಿಗೆ ಇನ್ನೊಬ್ಬ ಆಳು ಕೊಡಿರೆಂದು ಅವನು ಮೇಲಿನ ದಫ್ತರಕ್ಕೆ ಅರ್ಜಿ ಬರೆದ. ಆಳು ಬರಲಿಲ್ಲ, ಗೆರೆ ಹೊಡೆದು ಖಾನೆ ಮಾಡಿದ ಒಂದು ಕಾಗದ, ತಖ್ತೆ, ಬಂತು. ಬೇರೆ ಊರಿನ ಕಾರಖಾನೆಗಳಿಂದ ಈ ತಿಂಗಳು ಎಷ್ಟು ಯೂನಿಟ್ಟು ತೆಗೆದುಕೊಂಡಿರಿ, ಅವರಿಗೆ ಎಷ್ಟು ಕೊಟ್ಟಿರಿ, ಖಾನೆ ತುಂಬಿ ಕಳಿಸಿರಿ ಎಂದಿತ್ತು. ವ್ಯಂಕಟೇಶ 'ಇಲ್ಲ' ಎಂದು ಬರೆದ. ಅಂಕಿ ಬರೆಯಿರೆಂದು ತಖ್ತೆ ತಿರುಗಿ ಬಂತು. ಸೊನ್ನೆ ಬರೆದ. ಸೊನ್ನೆ ಏಕೆಂದು ತಿರುಗಿ ಬಂತು. ಊರಿಂದೂರಿಗೆ ತಂತಿಯೇ ಇಲ್ಲವೆಂದು ಬರೆದ. ಕಾರಣ ಬರೆಯಲು ತಖ್ತೆಯಲ್ಲಿ ಖಾನೆ ಇಲ್ಲವೆಂದು ಮೂರನೆಯ ಸಲವೂ ಬಂತು.

ಅಷ್ಟರಲ್ಲಿ ೧೯೪೭ರ ಡಿಸೆಂಬರ್ ಬಂದಿತ್ತು. ಹೊಸ ಇನ್‌ಸ್ಪೆಕ್ಟರ್ ಜಹೀರುದ್ದೀನ ಸಾಹೇಬರು ಆಳಂದಕ್ಕೇ ಬರುತ್ತಾರೆ, ಅಫಜಲಪುರ, ಜೇವರ್ಗಿಯ ಗುಮಾಸ್ತರೂ ಅಲ್ಲಿಗೇ ಬರಬೇಕು, ತಖ್ತೆ ಪೂರ್ತಿ ಇದ್ದವರ ಅರ್ಜಿ ಮಾತ್ರ ನೋಡಲಾಗುವುದು ಎಂದು ಹುಕುಂ ಆಯಿತು.

ಹೇಳಿದ ದಿನ ಬೆಳಿಗ್ಗೆ ಬಸ್ಸಿಗೆ ಅಫಜಲಪುರದ ಭಗವಂತ, ಜೇವರ್ಗಿಯ ಮಲ್ಕಪ್ಪ ಇಬ್ಬರೂ ಬಂದಿಳಿದರು. ಅವರದೂ ಅದೇ ಇಂಜಿನ್ನು, ಅದೇ ಅರ್ಜಿ, ಅದೇ ಕೆಂಪು ಕಣ್ಣು; ಆ ರಾತ್ರಿ ಅವರ ಊರಿಗೆ ಕತ್ತಲೆಯೇ ಗತಿ. ಕಾರಖಾನೆಯ ಕಟ್ಟೆಯ ಮೇಲೆ ಕೂತ ಮೂವರನ್ನು ನೋಡಿದರೆ ಒಂದೇ ಸಾವಿನ ಮನೆಯಿಂದ ಬಂದವರಂತೆ ಕಾಣುತ್ತಿದ್ದರು.

ಪಕ್ಕದ ಮನೆಯ ಭಾಗೀರಥಿಬಾಯಿ ಕೇಳದೆ ಇರುವವಳಲ್ಲ. ಎಲ್ಲಾ ಕೇಳಿಸಿಕೊಂಡು ನಕ್ಕಳು.

"ಇಷ್ಟಕ್ಕ ಯಾಕ ತಲಿ ಕೆಡಿಸ್ಕೋತೀರಿ? ನಮ್ಮ ಓಣ್ಯಾಗ ಕೈಗಡಾ ಇಲ್ಲೇನು? ನಾ ಪ್ಯಾರಿಬಿಗೆ ಒಂದು ವಾಟಗಾ ಸಕ್ರಿ ಕೊಡ್ತೇನಿ. ಆಕಿ ಶರಣಬಸಮ್ಮಗ ಕೊಡ್ತಾಳ. ಶರಣಬಸಮ್ಮ ತಂದು ನನಗ ಕೊಡ್ತಾಳ. ಸಕ್ರಿ ನಮ್ಮನ್ಯಾಗೇ ಇರ್ತದ, ಕೊಟ್ಟ ಹೆಸರೂ ಬರ್ತದ."

ಮೂವರೂ ತಮ್ಮ ತಮ್ಮ ತಖ್ತೆ ಬಿಚ್ಚಿ ಕಟ್ಟೆಯ ಮೇಲೆ ಹರವಿದರು.

"ಹತ್ತು ಯೂನಿಟ್ಟು ಬರಿಯೂಣ್ರಿ, ಸಣ್ಣದಿರ್ಲಿ," ಎಂದ ವ್ಯಂಕಟೇಶ ಅಂಜುತ್ತ.

"ಹತ್ತು ಯೂನಿಟ್ಟಿಗೆ ಕೈ ಚಾಚಾಕ ಜೇವರ್ಗಿ ಏನು ಭಿಕ್ಷಾಕ್ಕ ನಿಂತದೇನ್ರಿ?" ಎಂದ ಮಲ್ಕಪ್ಪ. "ನಾಲ್ಕನೂರು ಬರೀರಿ."

"ಪೂರಾ ನಾಲ್ಕನೂರು ಮುಟ್ಟಿತು ಅಂದ್ರ ಯಾರೂ ನಂಬಂಗಿಲ್ಲ," ಎಂದಳು ಭಾಗೀರಥಿಬಾಯಿ. "ಓಣಿ ದಾಟೂದ್ರಾಗ ಸಕ್ರೀನೂ ಒಂದಿಷ್ಟು ಚೆಲ್ಲತದ."

ಭಗವಂತ ಕಟ್ಟುನಿಟ್ಟಿನ ಮನುಷ್ಯ. ಅವನಿಗೆ ಈ ಮಾತು ಬಹಳ ಹಿಡಿಸಿತು. ಒಂದೊಂದು ಹಾದಿಯಲ್ಲಿ ಹತ್ತತ್ತು ಚೆಲ್ಲಲಿ ಎಂದು ತೀರ್ಮಾನವಾಯಿತು. ಆಳಂದ ಅಫಜಲಪುರಕ್ಕೆ ನಾಲ್ಕುನೂರು ಕೊಟ್ಟಿತು, ಅಲ್ಲಿ ಮುಟ್ಟಿದ್ದು ಮುನ್ನೂರ ತೊಂಬತ್ತು. ಅಫಜಲಪುರ ಅದನ್ನೇ ಜೇವರ್ಗಿಗೆ ಕೊಟ್ಟಿತು, ಮುಟ್ಟಿದ್ದು ಮುನ್ನೂರ ಎಂಬತ್ತು. ಜೇವರ್ಗಿ ಆಳಂದಕ್ಕೆ ಮರಳಿಸಿದಾಗ ಉಳಿದದ್ದು ಮುನ್ನೂರ ಎಪ್ಪತ್ತು. ಹಸಿವು ರುಚಿಯನ್ನರಿಯದು, ನಿದ್ರೆ ಸುಖವನ್ನರಿಯದು ಎನ್ನುತ್ತಾರೆ. ನಿದ್ದೆಗೆಟ್ಟವನು ಸತ್ಯವನ್ನೂ ಅರಿಯ ಎಂದು ಹಿರಿಯರು ಅದಕ್ಕೆ ಸೇರಿಸಬೇಕಿತ್ತು. ವ್ಯಂಕಟೇಶ ಕಣ್ಣು ಮುಚ್ಚಿಕೊಂಡು ಸಹಿ ಹಾಕಿದ.

ಭಾಗೀರಥಿಬಾಯಿಗೆ ಹೇಳಿದ ಮಾತು ಓಣಿಗೆ ಹೇಳಿದಂತೆಯೇ. ಅರ್ಧ ಗಳಿಗೆಯಲ್ಲಿ ಚಹಾದಂಗಡಿಯ ಚಾಂದಪಾಶಾ ಬಂದು ನಿಂತ.

"ಎಣ್ಣಿ ಇಲ್ಲಂತ ನನ್ನ ಅಂಗಡಿ ದೀಪ ಮಿಣಿಮಿಣಿ ಮಾಡ್ತೀರಿ. ಅಫಜಲಪುರಕ್ಕ ನಾಲ್ಕನೂರು ಕೊಟ್ಟೀರಂತ?"

"ತಂತೀನೇ ಇಲ್ಲೋ ಮಾರಾಯಾ," ಎಂದ ವ್ಯಂಕಟೇಶ.

"ತಂತಿ ಇಲ್ದನೇ ಕೊಟ್ಟೀರಿ ಅಂದ್ರ ಇನ್ನೂ ಕೆಟ್ಟದ್ದು."

"ಮುನ್ನೂರ ಎಪ್ಪತ್ತು ತಿರುಗಿ ಬಂದಾವ, ಸುಮ್ನಿರ್ರಿ," ಎಂದು ಮಲ್ಕಪ್ಪ ಸಮಾಧಾನ ಹೇಳಿದ. ಚಾಂದಪಾಶಾ ಹೋಗಲಿಲ್ಲ. ಬೆರಳು ಮಡಚಿ ಏನೋ ಎಣಿಸುತ್ತ ಅಲ್ಲೇ ನಿಂತ.

ಮಧ್ಯಾಹ್ನ ಸಾಹೇಬರ ಮೋಟಾರು ಬಂತು. ಜಹೀರುದ್ದೀನ ಸಾಹೇಬರು ಈ ಸೀಮೆಗೆ ಬಂದು ಇನ್ನೂ ವಾರವಷ್ಟೇ ಆಗಿತ್ತು, ಎಲ್ಲಿ ತಂತಿ ಇದೆ, ಎಲ್ಲಿಲ್ಲ ಎಂಬುದು ಅವರಿಗೆ ತಿಳಿಯದು. ಒಳ್ಳೆಯ ಮನುಷ್ಯ, ಧೂಳಿನಲ್ಲಿ ತಿರುಗಿ ಅವರೂ ದಣಿದಿದ್ದರು. ಮೂರೂ ತಖ್ತೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಮುಖ ಅರಳಿತು.

"ಮಾಶಾಅಲ್ಲಾ. ಒಬ್ಬರ ಅಂಕಿ ಒಬ್ಬರಿಗೆ ಕೂಡ್ತಾವ. ಇಂಥಾ ಕಾಗದ ನಾ ನೋಡೇ ಇಲ್ರಿ."

ವ್ಯಂಕಟೇಶನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆ ರಾತ್ರಿಯ ಹಾಸಿಗೆ, ದಿಂಬು ಎಲ್ಲ ಕಣ್ಣ ಮುಂದೆ ಬಂದವು. "ಹಂಗಾದ್ರ ಸಾಹೇಬ್ರ, ಇನ್ನೊಬ್ಬ ಆಳಿಂದು..."

"ಆಳು ಯಾಕ್ರಿ? ನಿಮಗ ಜೇವರ್ಗಿಯಿಂದ ಮುನ್ನೂರ ಎಪ್ಪತ್ತು ಯೂನಿಟ್ಟು ಬರಾಕತ್ತಾವ. ಅಷ್ಟೂ ಹೊತ್ತು ನಿಮ್ಮ ಇಂಜಿನ್ನು ನಿಂತಿರ್ತದ, ನೀವು ಆರಾಮ ಮಲಗಿರ್ತೀರಿ." ಸಾಹೇಬರು ಅರ್ಜಿಯ ಮೇಲೆ ಅಡ್ಡಗೆರೆ ಎಳೆದರು. ಭಗವಂತನದಕ್ಕೂ ಮಲ್ಕಪ್ಪನದಕ್ಕೂ ಅದೇ ಗೆರೆ ಬಿತ್ತು.

ಆಗ ಚಾಂದಪಾಶಾ ಮುಂದೆ ಬಂದ. "ಹುಜೂರ, ಹೋದದ್ದು ನಾಲ್ಕನೂರು. ಬಂದದ್ದು ಮುನ್ನೂರ ಎಪ್ಪತ್ತು. ನಡುವಿನ ಮೂವತ್ತು ಎಲ್ಲಿ ಹೋತು ಕೇಳ್ರಿ."

ಸಾಹೇಬರು ಮತ್ತೆ ತಖ್ತೆ ನೋಡಿದರು. "ಬರೋಬ್ಬರ. ಎಲ್ಲೋ ತಂತಿ ಸೋರಾಕತ್ತದ. ಹಗಲೊತ್ತು ನಿಮಗೆಲ್ಲಾ ಪುರಸತ್ತು ಅದ. ಮೂರೂ ಮಂದಿ ತಂತಿ ಹಿಡಿದು ನಡೀರಿ. ಕಂಬ ಎಣಿಸಿ, ಬಿದ್ದದ್ದು ಎಷ್ಟು, ನಿಂತದ್ದು ಎಷ್ಟು, ತಿಂಗಳಿಗೊಮ್ಮೆ ಬರೀರಿ. ಬಿದ್ದ ಕಂಬ ಯಾರ ಸೀಮ್ಯಾಗ ಇರ್ತದೋ ಅವರೇ ನಿಂತು ಎಬ್ಬಿಸಬೇಕು." ಚೀಲದಿಂದ ಹೊಸ ತಖ್ತೆ ತೆಗೆದು ಮೂವರಿಗೂ ಒಂದೊಂದು ಕೊಟ್ಟರು.

ಸಂಜೆ ಆರಾಯಿತು. ವ್ಯಂಕಟೇಶ ಇಂಜಿನ್ನಿನ ಹಿಡಿಕೆ ತಿರುವುತ್ತಿದ್ದ. ಅವನಿಗೆ ಅಳು ಬರುತ್ತಿತ್ತು, ಅಳುವುದಕ್ಕೂ ಶಕ್ತಿ ಇರಲಿಲ್ಲ. ಸಾಹೇಬರನ್ನು ಮೋಟಾರಿಗೆ ಹತ್ತಿಸಿ ಮಲ್ಕಪ್ಪ ತಿರುಗಿ ಬಂದ.

"ಅಲ್ರಿ, ಯಾಕ ನಡೀಬೇಕು? ಇದನ್ನೂ ಕೂತಲ್ಲೇ ಬರದ್ರಾತು," ಎಂದ.

"ಎಷ್ಟಾದ್ರೂ ಕಂಬ ಬರೀರಿ, ಮಲ್ಕಪ್ಪ. ಭೀಮಾ ನದ್ಯಾಗ ಬೇಕಾದ್ರ ನೂರು ಹುಗೀರಿ," ಎಂದ ವ್ಯಂಕಟೇಶ. "ಆದ್ರ ಒಂದೂ ಬಿದ್ದದ ಅಂತ ಮಾತ್ರ ಬರೀಬ್ಯಾಡ್ರಿ."

ಮಲ್ಕಪ್ಪ ತಲೆ ಕೆರೆದುಕೊಂಡ.

"ಎಲ್ಲಾ ನಿಂತಾವ ಅಂದ್ರ ಯಾರು ನಂಬ್ತಾರ್ರಿ? ಹನ್ನೆರಡು ಬಿದ್ದಾವ ಅಂತ ಬರದು ಈಗಷ್ಟೇ ಸಾಹೇಬ್ರ ಕೈಯಾಗ ಕೊಟ್ಟು ಬಂದೆ. ನೀವೇನೂ ತಪ್ಪು ತಿಳ್ಕೋಬ್ಯಾಡ್ರಿ, ನಮ್ಮ ಸೀಮ್ಯಾಗ ಅಂತ ಬರಿಯಾಕ ಬರೂದಿಲ್ಲ. ಹನ್ನೆರಡೂ ಆಳಂದ ಕಡಿಂದು ಅಂತ ಬರದೇನಿ."