ಹಾಸ್ಟೆಲ್ ಗೋಡೆಯ ಮೇಲೆ ಸೋದರಮಾವ

ಎಡವಟ್ಟಿಗೆಲ್ಲ ಮೂಲ ಹರಿನಾಥ ರೈಯ ಬಾಯಿ. ಅಕ್ಕನ ಮಗಳು ವಿಜೇತಾಳಿಗೆ ಸೀತಾಂಗೋಳಿಯಾಚೆ ಗುಡ್ಡದ ಮೇಲಿನ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಹುಡುಗಿಯನ್ನು ಹಾಸ್ಟೆಲಿಗೆ ಹಾಕುವುದೋ, ಹೊರಗೆಲ್ಲಾದರೂ ರೂಮು ಹುಡುಕುವುದೋ ಎಂದು ಪೆರ್ಲದ ಮನೆಯಲ್ಲಿ ಊಟದ ಹೊತ್ತಿಗೆ ಮಾತು ಬಂದಾಗ ಈತ ಮೀಸೆ ಒರೆಸಿಕೊಂಡು, "ಅದನ್ನು ನನಗೆ ಬಿಡು ಅಕ್ಕ. ಕಂಪೌಂಡ್ ಗೋಡೆ ನೋಡಿದರೆ ಸಾಕು, ಒಳಗೆ ಸೆಕ್ಯೂರಿಟಿ ಹೇಗುಂಟೂಂತ ಹೇಳ್ತೇನೆ" ಎಂದುಬಿಟ್ಟ.

ತಾಯಿಯ ಕಡೆಯಿಂದ ಮನೆತನ ನಡೆಯುವ ಬಂಟರಲ್ಲಿ ಹಿಂದೆಲ್ಲ ಸೋದರಮಾವ ಹೂಂ ಎನ್ನದೆ ಏನೂ ಆಗುತ್ತಿರಲಿಲ್ಲವಂತೆ. ಈಗ ಆ ದೊಡ್ಡಸ್ತಿಕೆಯೆಲ್ಲ ಮದುವೆ ಕಾಗದದಲ್ಲಿ ಹೆಸರು ಹಾಕಿಸುವಷ್ಟಕ್ಕೆ ಬಂದು ನಿಂತಿದೆ. ಹರಿನಾಥನನ್ನು ಮನೆಯಲ್ಲಿ ಯಾರೂ ಯಾವುದಕ್ಕೂ ಕೇಳುತ್ತಿರಲಿಲ್ಲ. ಅಂಥದ್ದರಲ್ಲಿ ಅಕ್ಕ ಮನೋರಮಾ, "ಹಾಗಾದರೆ ನೀನೇ ನೋಡಿ ಬಾ. ನೀನು ಒಪ್ಪಿದರೆ ಹಾಸ್ಟೆಲ್" ಎಂದಳು. ಆತನ ಎದೆ ಉಬ್ಬಿತು. ಮಾವನ ಗತ್ತಿಗೆ ಕಮ್ಮಿಯಾಗಬಾರದೆಂದು ಮರುದಿನ ಇಸ್ತ್ರಿ ಹಾಕಿದ ಬಿಳಿ ಮುಂಡು ಉಟ್ಟೇ ಹೊರಟ.

ಪಕ್ಕದ ಮನೆಯ ಜಿತೇಂದ್ರ ಅವನನ್ನೂ, ಟ್ರಂಕು ಸಮೇತ ವಿಜೇತಾಳನ್ನೂ ತನ್ನ ಕಾರಿನಲ್ಲಿ ಕರೆದೊಯ್ದ. ಅವನ ಮಗಳು ಭವ್ಯಶ್ರೀಗೂ ಅದೇ ಕಾಲೇಜು. ಆದರೆ ಅವನಿಗೆ ಹಾಸ್ಟೆಲ್ ಎಂದರೆ ನಂಬಿಕೆಯಿಲ್ಲ. "ಹಾಸ್ಟೆಲಿನಲ್ಲಿ ಸೆಕ್ಯೂರಿಟಿ ಎಂಬುದೇ ಇಲ್ಲ ಮಾರಾಯ್ರೆ. ನಾನು ಹೊರಗೆ ರೂಮು ನೋಡ್ತೇನೆ" ಎಂದು ದಾರಿಯುದ್ದಕ್ಕೂ ಹೇಳಿದ್ದನ್ನೇ ಹೇಳಿದ.

ಕಾಲೇಜು ತಲುಪಿದಾಗ ಗೇಟು ಹಾರುಹೊಡೆದಿತ್ತು. ಕಾವಲುಗಾರನ ಕುರ್ಚಿಯ ಮೇಲೆ ಒಂದು ಟೋಪಿ ಮಾತ್ರ ಇತ್ತು. ಹಾಸ್ಟೆಲಿನಲ್ಲಿ ಇನ್ನು ಒಂದೇ ಮಂಚ ಉಳಿದಿದೆ ಎಂಬ ಸುದ್ದಿ ಕೇಳಿ ವಿಜೇತಾ ಓಡಿಹೋಗಿ ಆಫೀಸಿನ ಜಗಲಿಯ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಳು. ವಾರ್ಡನ್ ಆಗಲಿ, ಮಂಚ ಬರೆದುಕೊಡುವ ಗುಮಾಸ್ತನಾಗಲಿ ಇನ್ನೂ ಬಂದಿರಲಿಲ್ಲ. "ಮಾವ, ನೀವು ಇಲ್ಲೇ ಕೂತ್ಕೊಳ್ಳಿ" ಎಂದಳು. ಕೂರುವುದಕ್ಕೆ ಬಂದ ಮಾವನೇ ಅವನು!

"ಗೇಟು ನೋಡಿ ಎಂತ ಮಾಡ್ತೀರಿ?" ಜಿತೇಂದ್ರ ಕಿವಿಯಲ್ಲಿ ಊದಿದ. "ಕಳ್ಳ ಬರುವುದು ಹಿಂದಿನಿಂದ. ಹಿಂದಿನ ಗೋಡೆ ನೋಡಿ."

ಹಾಸ್ಟೆಲಿನ ಹಿಂದೆ ಕೆಂಪುಕಲ್ಲಿನ ಗೋಡೆ, ಅದರ ಮೇಲೆ ತುಕ್ಕು ಹಿಡಿದ ಮುಳ್ಳುತಂತಿ. ಹೊರಗಡೆ ಯಾರೋ ಕಲ್ಲು ರಾಶಿ ಹಾಕಿದ್ದರು. ಹರಿನಾಥ ಒಂದಿಷ್ಟು ಇಣುಕಿ ನೋಡೋಣವೆಂದು ರಾಶಿ ಹತ್ತಿದ. ಇಣುಕಿದರೆ ಸರಿಯಾಗಿ ಕಾಣಿಸಲಿಲ್ಲ. ಒಂದು ಕಾಲು ಗೋಡೆಯ ಮೇಲಿಟ್ಟ. "ಇನ್ನೂ ಸ್ವಲ್ಪ" ಎಂದು ಕೆಳಗಿನಿಂದ ಜಿತೇಂದ್ರ. ಇನ್ನೊಂದು ಕಾಲು ಎತ್ತಿದ್ದೇ ತಡ, ರಾಶಿ ಜಾರಿತು. ಹರಿನಾಥ ಗೋಡೆಯ ಒಳಬದಿಗೆ ಬಿದ್ದ, ಆದರೆ ಪೂರ್ತಿ ಬೀಳಲಿಲ್ಲ. ಮುಂಡು ಮುಳ್ಳುತಂತಿಗೆ ಸಿಕ್ಕಿಕೊಂಡು, ಅವನು ಕೊಕ್ಕೆಗೆ ಹಾಕಿದ ಬಾಳೆಗೊನೆಯಂತೆ ನೇತಾಡಿದ.

ಕೆಳಗೆ ಬಟ್ಟೆ ಒಣಗಿಸುತ್ತಿದ್ದ ಹುಡುಗಿಯರು ಕಿರುಚಿದ್ದು ಸೀತಾಂಗೋಳಿ ಪೇಟೆಗೂ ಕೇಳಿಸಿರಬೇಕು. ಒಬ್ಬಳು ಬಕೆಟಿನ ನೀರು ಎರಚಿದಳು. ಇಬ್ಬರು ಮೊಬೈಲ್ ಹಿಡಿದರು. ಸಾಲಿನಲ್ಲಿದ್ದ ತಂದೆತಾಯಂದಿರೆಲ್ಲ ನೋಡಲು ಓಡಿಬಂದರು. ಕೊನೆಗೆ ಕೈಯಲ್ಲಿ ಚಹಾದ ಗ್ಲಾಸು ಹಿಡಿದೇ ಕಾವಲುಗಾರ ಕುಂಞ ಬಂದ. ಬಂದವನು ಮುಂಡು ಬಿಡಿಸಿದ. ಹರಿನಾಥ ನೆಲಕ್ಕೆ ಬಂದ, ಮುಂಡಿನ ಒಳ್ಳೆಯ ಭಾಗ ತಂತಿಯಲ್ಲೇ ಉಳಿಯಿತು. ಒಬ್ಬಳು ಕರುಣೆಯಿಂದ ಒಣಗಲು ಹಾಕಿದ್ದ ಹೂವಿನ ಚಿತ್ರದ ಬೆಡ್‌ಶೀಟ್ ಎಸೆದಳು. ಅದನ್ನು ಸುತ್ತಿಕೊಂಡು ನಿಂತಾಗ ಹರಿನಾಥನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

"ಯಾರು ನೀವು?" ಅಷ್ಟರಲ್ಲಿ ತಲುಪಿದ ವಾರ್ಡನ್ ವಸುಮತಿ ಕೇಳಿದರು.

"ನಾನು ಮಾವ."

"ಇಲ್ಲಿ ಸಿಕ್ಕಿಬೀಳುವವರೆಲ್ಲ ಯಾರದ್ದಾದರೂ ಮಾವನೇ ಮೇಡಂ" ಎಂದ ಕುಂಞ.

"ನಿಮ್ಮ ಸೆಕ್ಯೂರಿಟಿ ಸರಿ ಉಂಟಾಂತ ನೋಡ್ಲಿಕ್ಕೆ ಬಂದದ್ದು. ಮುಂದಿನ ಗೇಟಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ! ಹಾರುಹೊಡೆದಿತ್ತು!"

"ಗೇಟು ತೆರೆದಿದ್ದರೆ ಗೋಡೆ ಯಾಕೆ ಹತ್ತಿದಿರಿ?" ಎಂದರು ವಸುಮತಿ.

ಜಿತೇಂದ್ರ ಸಾಕ್ಷಿ ಹೇಳಿಯಾನೆಂದು ಹರಿನಾಥ ಸುತ್ತ ನೋಡಿದ. ಅವನ ಸುಳಿವಿರಲಿಲ್ಲ.

"ಗುರುತು ಹೇಳುವವರು ಬರಲಿ, ಇಲ್ಲದಿದ್ದರೆ ಪೊಲೀಸರಿಗೆ ಫೋನು" ಎಂದರು ವಾರ್ಡನ್. ಹರಿನಾಥ ತಲೆ ತಗ್ಗಿಸಿ ವಿಜೇತಾಳ ಹೆಸರು ಹೇಳಿದ. ಸಾಲಿನಲ್ಲಿದ್ದವಳಿಗೆ ಕರೆ ಹೋಯಿತು. ಅವಳು ಬರುವುದು ಕಂಡಾಗ, ಇವನನ್ನು ನಾನು ನೋಡಿಯೇ ಇಲ್ಲ ಎಂದುಬಿಡಲಿ ಎಂದು ಅವನು ಮನಸ್ಸಿನಲ್ಲೇ ಹರಕೆ ಹೊತ್ತ. ಪೊಲೀಸ್ ಠಾಣೆಯಾದರೂ ಆದೀತು, ನಾಳೆಯಿಂದ ಇದೇ ಹುಡುಗಿಯರ ನಡುವೆ ಅವಳು ಬದುಕಬೇಕಲ್ಲ.

ವಿಜೇತಾ ಬೆಡ್‌ಶೀಟ್ ನೋಡಿದಳು, ಮೊಬೈಲ್ ಹಿಡಿದವರನ್ನು ನೋಡಿದಳು. ಮುಖ ಕೆಂಪಾಯಿತು. "ಹೌದು ಮೇಡಂ. ನನ್ನ ಸ್ವಂತ ಮಾವ. ಅಮ್ಮನ ತಮ್ಮ" ಎಂದಳು, ಎಲ್ಲರಿಗೂ ಕೇಳುವ ಹಾಗೆ. ಹರಿನಾಥನ ಕಣ್ಣು ತುಂಬಿತು. ಅಷ್ಟು ನಾಚಿಕೆ ಅವನಿಗೆ ತಂತಿಯಲ್ಲಿ ನೇತಾಡುವಾಗಲೂ ಆಗಿರಲಿಲ್ಲ.

ಅವರು ಜಗಲಿಗೆ ಮರಳಿದಾಗ ಆಫೀಸಿನ ಒಳಗಿಂದ ಜಿತೇಂದ್ರ ನಗುನಗುತ್ತ ಹೊರಬಂದ. "ಹರಿನಾಥಣ್ಣ, ನಿಮ್ಮ ಉಪಕಾರ ಮರೆಯಲಿಕ್ಕಿಲ್ಲ! ಒಂದು ನೊಣವೂ ಒಳಗೆ ಹೋಗದ ಹಾಗೆ ಉಂಟು ಇಲ್ಲಿ. ಕಣ್ಣಾರೆ ನೋಡಿ ನನಗೆ ಧೈರ್ಯ ಬಂತು. ಗುಮಾಸ್ತ ಬಂದದ್ದೇ ಆ ಕೊನೆಯ ಮಂಚ ಭವ್ಯಶ್ರೀಗೆ ಮಾಡಿಸಿದೆ. ಸಾಲಲ್ಲಿ ಮುಂದೆ ಯಾರೂ ಇರಲಿಲ್ಲ ನೋಡಿ."

ಅದೇ ಹೊತ್ತಿಗೆ ಅಕ್ಕನ ಫೋನು ಬಂತು. "ಎಂತಾಯ್ತು? ಸೆಕ್ಯೂರಿಟಿ ಹೇಗುಂಟು?"

"ಗಟ್ಟಿ ಉಂಟು ಅಕ್ಕ" ಎಂದ ಹರಿನಾಥ, ಬೆಡ್‌ಶೀಟಿನ ಗಂಟು ಬಿಗಿ ಮಾಡುತ್ತ. "ಮಂಚ ಮಾತ್ರ ಇಲ್ಲ."

ವಸುಮತಿಯವರಿಗೆ ಹುಡುಗಿಯ ಮೇಲೆ ಕನಿಕರ ಬಂತು. ಗೇಟಿನೆದುರೇ ಒಂದು ಮನೆಯಿದೆ, ಮಾಳಿಗೆಯಲ್ಲಿ ಕಾಲೇಜಿನ ಹುಡುಗಿಯರಷ್ಟೇ ಇರುವುದು, ಮನೆಯೊಡತಿ ತುಂಗಾ ತುಂಬ ಕಟ್ಟುನಿಟ್ಟು ಎಂದರು. ಫೋನಿನಲ್ಲಿ ಕೇಳಿ ಮನೋರಮಾ ಒಪ್ಪಿದಳು. ಹರಿನಾಥನಿಗೆ ಹೋದ ಜೀವ ಬಂದಂತಾಯಿತು. ಕಾರಿನಿಂದ ವಿಜೇತಾಳ ಟ್ರಂಕು ಇಳಿಸಿ ತಾನೇ ಹೊತ್ತುಕೊಂಡು, ಇನ್ನಾದರೂ ಮಾವನಾಗಿ ಒಳಗೆಲ್ಲ ನೋಡಿಬಿಡೋಣವೆಂದು ಆ ಮನೆಯ ಮೆಟ್ಟಿಲಿಗೆ ಕಾಲಿಟ್ಟ.

ಬಾಗಿಲಲ್ಲಿ ಚಹಾದ ಗ್ಲಾಸು ಹಿಡಿದು ಕುಂಞ ನಿಂತಿದ್ದ. ತುಂಗಾ ಅವನ ಹೆಂಡತಿ.

"ಟ್ರಂಕು ಅಲ್ಲೇ ಇಡಿ" ಎಂದ ಕುಂಞ. "ಈ ಮನೆಯಲ್ಲಿ ಮಾವಂದಿರಿಗೆ ಒಳಗೆ ಬರಲಿಕ್ಕಿಲ್ಲ. ಏನಿದ್ದರೂ ಹೊರಗಿನಿಂದ ಕೊಟ್ಟು ಹೋಗಬೇಕು."

ಹರಿನಾಥ ಟ್ರಂಕು ಇಳಿಸಿದ. ಎದುರಿಗೆ ಕಾಲೇಜಿನ ಗೇಟು ಈಗಲೂ ಹಾರುಹೊಡೆದೇ ಇತ್ತು, ಕುರ್ಚಿಯ ಮೇಲೆ ಟೋಪಿಯೂ ಇತ್ತು.

ಮೊದಲೇ ಒಳಗೆ ಹೋಗಿದ್ದ ವಿಜೇತಾ ಮೆಟ್ಟಿಲಿಳಿದು ಬಂದು ಟ್ರಂಕಿನ ಒಂದು ಹಿಡಿ ಎತ್ತಿಕೊಂಡಳು. ಆಚೀಚೆ ನೋಡಿ ಮೆಲ್ಲಗೆ ಹೇಳಿದಳು:

"ಮಾವ, ಬರುವ ಆದಿತ್ಯವಾರ ನನ್ನನ್ನು ನೋಡ್ಲಿಕ್ಕೆ ಬರ್ಬೇಕು. ಪ್ಯಾಂಟ್ ಹಾಕಿಕೊಂಡು ಬನ್ನಿ."