ಕ್ಯಾಪ್ಟನ್ ಕ್ಲೆಮ್‌ನ ನೀಲಿ ಹೊಗೆ

ಕ್ಲೆಮ್ ಟಾರ್ಪಿಯ ಹಳೇ ಕಾರು ಸ್ಟಾರ್ಟ್ ಆದದ್ದೇ ತಡ, ಹಿಂದಿನ ಕೊಳವೆಯಿಂದ ನೀಲಿ ಹೊಗೆ ಕಕ್ಕಿತು. ದುರ್ಬೀನು ಕೊರಳಿಗೆ ಹಾಕಿಕೊಳ್ಳುತ್ತಿದ್ದ ಪಕ್ಕದ ಮನೆಯ ಮುದುಕಿ ನೊರೀನ್ ಮೂಗು ಮುಚ್ಚಿಕೊಂಡಳು.

"ಬಿಳಿ ಹೊಗೆ ಬಂದ್ರೆ ಎಂಜಿನ್ ಒಳಗೆ ನೀರು ಹೋಗ್ತಿದೆ ಅಂತ. ಕಪ್ಪು ಬಂದ್ರೆ ಪೆಟ್ರೋಲ್ ಜಾಸ್ತಿ ಕುಡೀತಿದೆ ಅಂತ. ನಿಂದು ನೀಲಿ ಕಣೋ. ಆಯಿಲ್ ಸುಡ್ತಿದೆ. ಮೂರು ತಿಂಗಳಿಂದ ಬಡ್ಕೋತಿದೀನಿ."

"ಬೆಳಗಿನ ಥಂಡಿಗೆ ಸ್ವಲ್ಪ ಹಂಗೇ ಬರುತ್ತೆ, ನೊರೀನ್."

ಥಂಡಿ ಆಗಲೇ ಮೂವತ್ತೆಂಟು ಡಿಗ್ರಿ ದಾಟಿತ್ತು. ಊರ ಸುತ್ತ ಒಣಹುಲ್ಲು. ಹೊರಗೆ ಯಾರೂ ಕಡ್ಡಿ ಗೀರಕೂಡದೆಂದು ರೇಡಿಯೋ ಸಾರುತ್ತಿತ್ತು. ಇಂಥ ದಿನ ನೊರೀನ್ ಗುಡ್ಡದ ಕಾವಲು ಗೋಪುರದಲ್ಲಿ ಕೂತು, ಹೊಗೆ ಕಂಡರೆ ವೈರ್‌ಲೆಸ್ಸಿನಲ್ಲಿ ಹೇಳಬೇಕು. ಊರವರೇ ಕಟ್ಟಿಕೊಂಡ ಅಗ್ನಿಶಾಮಕ ದಳ ಓಡಬೇಕು. ಹನ್ನೊಂದು ವರ್ಷದಿಂದ ದಳಕ್ಕೆ ಕ್ಲೆಮ್ಮೇ ಕ್ಯಾಪ್ಟನ್. ಸಂಜೆ ನಾಲ್ಕಕ್ಕೆ ಮತ್ತೆ ಆಯ್ಕೆ. ಕ್ಯಾಪ್ಟನ್ ಹೆಲ್ಮೆಟ್ ಹೋದರೆ ಅದರ ಜೊತೆ ತಲೆಯೂ ಹೋದಂತೆ ಎಂದು ಅವನ ಭಾವನೆ.

ಅವನು ದಾರಿಯಲ್ಲಿ ಪೇಟೆ ಕೆಲಸ ಮುಗಿಸಿಕೊಂಡು ದಳದ ಶೆಡ್ಡು ಮುಟ್ಟುತ್ತಿದ್ದಂತೆ ವೈರ್‌ಲೆಸ್ ಗೊರಗುಟ್ಟಿತು. "ಹೊಗೆ. ಮಿಲ್ ರಸ್ತೆ."

ಈಗಷ್ಟೇ ಅಲ್ಲಿಂದಲೇ ಬಂದಿದ್ದ. ದಳದ ಲಾರಿಯಲ್ಲಿ ಎಲ್ಲರೂ ಎದ್ದೂಬಿದ್ದು ಹೋದರೆ, ಅಲ್ಲಿ ಎರಡು ಕುರಿಗಳು ನಿಂತು ಇವರನ್ನೇ ನೋಡುತ್ತಿದ್ದವು. ಮಧ್ಯಾಹ್ನ ಕ್ಲೆಮ್ ಕಾರಿನಲ್ಲಿ ಊಟಕ್ಕೆ ಹೊರಟ. "ಹೊಗೆ. ಶಾಲೆ ತಿರುವು." ಊಟ ಮುಗಿಸಿ ವಾಪಸ್ಸಾದ. "ಹೊಗೆ. ಸ್ಮಶಾನದ ಗೇಟು." ಎರಡು ಕಡೆಗೂ ಲಾರಿ ಓಡಿತು, ಕ್ಲೆಮ್ಮೂ ಓಡಿದ. ಎಲ್ಲೂ ಕಿಡಿಯಿಲ್ಲ.

ದಳದ ನರೆಲ್ ಗೋಡೆಯ ನಕ್ಷೆಗೆ ಪಿನ್ನು ಚುಚ್ಚಿದಳು. "ಯಾರೋ ಬೇಕಂತ ಹಚ್ತಿದಾನೆ. ನೋಡಿ ಕ್ಯಾಪ್ಟನ್, ನಿಮ್ಮ ಮನೆಯಿಂದ ಶೆಡ್ಡಿನವರೆಗೆ ಒಂದೇ ಗೆರೆ. ನೀವು ಹೋದ ಕಡೆಗೆಲ್ಲ ಬಂದಿದಾನೆ. ನಿಮ್ಮ ಬೆನ್ನ ಹಿಂದೇನೇ ಇದಾನೆ."

ಕ್ಲೆಮ್ ತಟ್ಟನೆ ಬೆನ್ನ ಹಿಂದೆ ತಿರುಗಿದ. ಅಂಗಳದಲ್ಲಿ, ಅವಸರಕ್ಕೆ ಆಫ್ ಮಾಡದೇ ಬಿಟ್ಟಿದ್ದ ಕಾರು, ಹೊಟ್ಟೆ ತುಂಬಿದವನು ತೇಗಿದ ಹಾಗೆ, ನೀಲಿ ಎಳೆ ಬಿಡುತ್ತಿತ್ತು.

ಅವನು ನಕ್ಷೆಯನ್ನೊಮ್ಮೆ, ಕಾರನ್ನೊಮ್ಮೆ ನೋಡಿದ.

ಉಳಿದವರು ಲಾರಿಗೆ ನೀರು ತುಂಬಿಸಲು ಹೋದದ್ದೇ, ಕಾರನ್ನು ಶೆಡ್ಡಿನೊಳಗೆ ನುಗ್ಗಿಸಿ ಬಾಗಿಲೆಳೆದ. ಮೂಲೆಗೆ ಸೇರಿಸಲು ಹಿಂದೆ ಮುಂದೆ, ಹಿಂದೆ ಮುಂದೆ. ಶೆಡ್ಡು ನೀಲಿಯಾಯಿತು. ಚಾವಣಿಯ ಅಲಾರಂ ಬಾಯಿ ಬಡಿದುಕೊಂಡಿತು. ಅದು ನೇರ ಪಕ್ಕದೂರಿನ ದಳಕ್ಕೇ ಹೋಗುವ ಅಲಾರಂ. ಕೆಮ್ಮುತ್ತಾ ಬಾಗಿಲು ತೆರೆದವನ ಎದೆಗೆ ಪಕ್ಕದೂರಿನ ನೀರು ರಪ್ಪೆಂದು ಬಡಿಯಿತು.

"ಕಾಡಿಗೆ ಬೆಂಕಿ ಬಿದ್ದಿದ್ದು ನೋಡಿದೀನಿ," ಎಂದ ಪಕ್ಕದೂರಿನ ಕ್ಯಾಪ್ಟನ್ ರೆಕ್ಸ್. "ಬೆಂಕಿ ಆರಿಸೋರ ಮನೆಗೇ ಬಿದ್ದಿದ್ದು ಇದೇ ಮೊದಲು."

ನಾಲ್ಕಕ್ಕೆ ಸಭೆ. ಗೋಪುರ ಇಳಿದು ಬಂದ ನೊರೀನಳನ್ನು ನರೆಲ್ ಕೇಳಿದಳು, "ಇದು ಕಾರಿನ ಹೊಗೆ ಅಂತ ನಿಮಗೆ ಗೊತ್ತಿತ್ತಾ?"

"ಬಣ್ಣ ನೋಡಿದ ಕೂಡ್ಲೇ."

"ಹೇಳಬಾರದಿತ್ತಾ?"

"ಬೇಲಿ ಪಕ್ಕ ನಿಂತು ಮೂರು ತಿಂಗಳು ಹೇಳ್ದೆ, ತಿರುಗಿ ನೋಡ್ಲಿಲ್ಲ. ವೈರ್‌ಲೆಸ್ಸಲ್ಲಿ ಹೇಳ್ದೆ, ಮೂರು ಸಲಾನೂ ಓಡ್ಕೊಂಡು ಬಂದ."

"ಊರಲ್ಲಿ ಹೊಗೆ ಅರ್ಥ ಆಗೋದು ಇವರಿಗೊಬ್ಬರಿಗೇ," ಎಂದಳು ನರೆಲ್. "ನೊರೀನ್ ಕ್ಯಾಪ್ಟನ್ ಆಗಲಿ ಅನ್ನೋರು ಕೈ ಎತ್ತಿ."

ಆರು ಕೈ ಮೇಲೆದ್ದವು. ಅದೇ ಗಳಿಗೆಗೆ ಮುಖದ ನೀರು ಒರೆಸಿಕೊಳ್ಳಲು ಕ್ಲೆಮ್ಮೂ ಕೈಯೆತ್ತಿದ.

"ಸರ್ವಾನುಮತ," ಎಂದು ನರೆಲ್ ಬರೆದುಕೊಂಡಳು.

ನೊರೀನ್ ಕ್ಯಾಪ್ಟನ್ ಹೆಲ್ಮೆಟ್ಟಿನ ನೀರು ಕೊಡವಿ ತಲೆಗಿಟ್ಟುಕೊಂಡಳು. ತನ್ನ ದುರ್ಬೀನು ಬಿಚ್ಚಿ ಕ್ಲೆಮ್‌ನ ಕೊರಳಿಗೆ ಹಾಕಿದಳು.

"ಗೋಪುರ ಖಾಲಿಯಾಯ್ತು ಕ್ಲೆಮ್. ನಾಳೆಯಿಂದ ನೀನು ಹತ್ತು. ನಡ್ಕೊಂಡೇ ಹೋಗು."