ಮೂವತ್ತೊಂಬತ್ತನೆಯ ಕಾರಣ

ಓದಿದವರ ಮನೆಯಲ್ಲಿ ಓದಿದವನು ಬೇಕಾದಾಗ ಸುಮ್ಮನಿರಬಲ್ಲ. ಓದದವರ ಮನೆಯಲ್ಲಿ ಮೊದಲ ಪದವಿ ಪಡೆದವನಿಗೆ ಅದು ಸಾಧ್ಯವಿಲ್ಲ. ಕಲಿತದ್ದನ್ನೆಲ್ಲ ಹೊರಗೆ ಹಾಕದಿದ್ದರೆ ಅನ್ನ ಅರಗುವುದಿಲ್ಲ. ನಾನು ಎರಡನೆಯ ಜಾತಿಯವನು. ಬೈಂದೂರು ಬಳಿಯ ಯಡ್ತರೆಯ ನಮ್ಮ ಕೇರಿಯ ಮೊದಲ ವಕೀಲ.

ವಕೀಲಿಕೆಯ ಮೂರನೇ ವರ್ಷ ಕೆರಾಡಿಯ ಸೀತಕ್ಕನ ಮೇಲ್ಮನವಿ ನನ್ನ ಕೈಗೆ ಬಂತು. ನೆರೆಯವನು ಕಾಲುದಾರಿಗೆ ಬೇಲಿ ಹಾಕಿದ್ದ. ನಡೆಯಲಾಗದ ಗಂಡನನ್ನು ಆಸ್ಪತ್ರೆಗೆ ಒಯ್ಯಲು ಆಕೆ ಗುಡ್ಡ ಸುತ್ತಿ ಹೊರಿಸಿಕೊಂಡು ಹೋಗಬೇಕಿತ್ತು. ಕೋರ್ಟೇ ಕಳಿಸಿದ್ದ ಕಮಿಷನರು ಸ್ಥಳ ನೋಡಿ ನಕ್ಷೆ ಬರೆದು, ದಾರಿ ಹಳೆಯದೆಂದು ವರದಿ ಕೊಟ್ಟಿದ್ದರು. ಕೆಳಗಿನ ಕೋರ್ಟು ಅದನ್ನು ಗಮನಿಸಿರಲಿಲ್ಲ. ಅಷ್ಟು ಹೇಳಿದ್ದರೆ ಸಾಕಿತ್ತು. ನಾನು ನಲವತ್ತಮೂರು ಕಾರಣ ಬರೆದೆ. ಕಡತ ದಪ್ಪವಾದಷ್ಟು ವಕೀಲ ದೊಡ್ಡವನೆಂಬ ನಂಬಿಕೆ ಕಕ್ಷಿದಾರರಿಗಿಂತ ನನಗೇ ಹೆಚ್ಚಿತ್ತು.

ಸಹಿ ಹಾಕಲು ಮನೆಗೆ ಬಂದ ಸೀತಕ್ಕನಿಗೆ ಎಲ್ಲವನ್ನೂ ಓದಿ ಹೇಳಿದೆ. ಆಕೆ ತೂಕಡಿಸುತ್ತಿದ್ದವಳು ಮೂವತ್ತೊಂಬತ್ತನೆಯದಕ್ಕೆ, ಕಮಿಷನರ ವರದಿಯ ಮಾತು ಬಂದಾಗ, ಕಣ್ಣು ಬಿಟ್ಟು, "ಹಾಂ, ಇದೇ ಕಾಣಿ," ಅಂದಳು.

ಜಗಲಿಯಲ್ಲಿ ಮೀನಿನ ಬುಟ್ಟಿ ತೊಳೆಯುತ್ತಿದ್ದ ಅಮ್ಮ ತಲೆ ಎತ್ತಿದರು. "ದೊಡ್ ಅಂಜಲ್ ಮೀನ್ ಅಡಿಗ್ ಹಾಕಿ, ಮೇಲ್ ಬರೀ ಸಣ್ ಮೀನ್ ಇಟ್ರೆ ಗಿರಾಕಿ ನಿಲ್ತ್ರಾ ಮಗಾ?"

"ಅಮ್ಮಾ, ಅದ್ ಕೋರ್ಟ್. ಮೀನ್ ಮಾರ್ಕೆಟ್ ಅಲ್ಲ," ಅಂದೆ, ಸೀತಕ್ಕನ ಎದುರೇ. ಅಮ್ಮ ಮತ್ತೆ ಬುಟ್ಟಿಗೆ ಬಗ್ಗಿದರು.

ಕುಂದಾಪುರದಲ್ಲಿ ವಾದದ ದಿನ ನಾನು ಒಂದನೆಯ ಕಾರಣದಿಂದ ಶುರುಮಾಡಿದೆ. ಆರನೆಯದಕ್ಕೆ ನ್ಯಾಯಾಧೀಶರು ಕನ್ನಡಕ ತೆಗೆದು, "ವಕೀಲರೇ, ಕಮಿಷನರ ವರದಿ ಬಗ್ಗೆ ಏನಾದರೂ ಬರೆದಿದ್ದೀರಾ?" ಎಂದರು. ಹಾಳೆ ತಿರುವಿದೆ. ಬರೆದವನು ನಾನೇ, ಸಿಗಲಿಲ್ಲ. ಮತ್ತೆ ಮೊದಲಿನಿಂದ ತಿರುವಿದೆ. ಹಿಂದಿನ ಬೆಂಚಿನಿಂದ ಸೀತಕ್ಕ ಎದ್ದಳು. "ಸ್ವಾಮಿ, ಅದ್ ಕಡಿಗಿತ್. ಅವ್ರ ಅಮ್ಮ ಆಗ್ಳೇ ಹೇಳಿರ್, ಮೇಲ್ ಇಡ್ ಅಂದೇಳಿ. ಇವ್ರ್ ಕೇಂಬುದಿಲ್ಲ."

ಇಡೀ ಕೋರ್ಟು ನಕ್ಕಿತು. ನನ್ನ ಕರಿಕೋಟಿಗೆ ಅಂದು ಮೊದಲ ಬಾರಿ ಮೀನಿನ ವಾಸನೆ ಬಂದಂತಾಯಿತು. ಮೇಲ್ಮನವಿ ಗೆದ್ದಿತು, ಬೇಲಿ ಹೋಯಿತು. ಸೀತಕ್ಕ ಎರಡು ಸೌತೆಕಾಯಿ ತಂದು ನನ್ನನ್ನು ದಾಟಿ ಹೋಗಿ ಅಮ್ಮನ ಕೈಗೆ ಕೊಟ್ಟಳು.

ಈಗ ಕಿರಿಯ ವಕೀಲರಿಗೆ ನಾನೇ ಪಾಠ ಹೇಳುತ್ತೇನೆ: ಬಲವಾದ ಕಾರಣ ಮೊದಲು ಬರಲಿ, ಪುಟದ ಸಂಖ್ಯೆ ಪಕ್ಕದಲ್ಲಿರಲಿ, ಉಳಿದದ್ದನ್ನು ಹೊಡೆದುಹಾಕಿ. "ಇದನ್ನು ಯಾರು ಹೇಳಿಕೊಟ್ಟರು ಸರ್?" ಎಂದು ಕೇಳಿದರೆ, "ಬೈಂದೂರು ಕಡೆಯ ಒಬ್ಬರು ಹಿರಿಯರು," ಎನ್ನುತ್ತೇನೆ. ಯಾವ ಕೋರ್ಟಿನವರೆಂದು ಕೇಳಿದರೆ ಗಡಿಯಾರ ನೋಡಿಕೊಳ್ಳುತ್ತೇನೆ. ಅಮ್ಮ ತೀರಿಕೊಂಡ ಮೇಲೂ ಅದೇ ಉತ್ತರ ಕೊಡುತ್ತ ಬಂದಿದ್ದೇನೆ.

ಈ ಬರಹವನ್ನಾದರೂ ಅಮ್ಮನ ಹೆಸರಿನಿಂದ ಶುರುಮಾಡಬೇಕೆಂದು ಕೂತಿದ್ದೆ. ಮತ್ತೆ ತಿರುವಿ ನೋಡಿದರೆ ಮೊದಲ ಸಾಲುಗಳಲ್ಲಿ ನನ್ನ ಪದವಿಯೇ ಇದೆ. ಅಮ್ಮನ ಹೆಸರು ಪದ್ದು. ಬುಟ್ಟಿಯ ಅಡಿಯಲ್ಲಿ ಸಿಕ್ಕಿತು.